ಮರಳು ಕೇರುವ ಮೀನಿಗೆ ಮರಳಷ್ಟೇ ಸಾಲದು

ಉಪ್ಪುನೀರಿನ ಅಕ್ವೇರಿಯಂ ಕಟ್ಟಿ ಒಂದೆರಡು ತಿಂಗಳಾಗುವಷ್ಟರಲ್ಲಿ ಬಿಳಿ ಮರಳಿನ ಮೇಲೆ ಕಂದು ಪೊರೆಯೊಂದು ಕೂರುತ್ತದೆ. ಡಯಾಟಮ್ ಎಂಬ ಸೂಕ್ಷ್ಮಜೀವಿಗಳ ಪೊರೆ ಅದು. ನೀರಿನಲ್ಲಿ ಸಿಲಿಕೇಟ್ ಇರುವವರೆಗೆ ತೆಗೆದಷ್ಟೂ ಬರುತ್ತದೆ. ಈ ಹಂತದಲ್ಲಿ ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ‘ಒಂದು ಡೈಮಂಡ್ ಗೋಬಿ ತಂದು ಬಿಡಿ, ಮರಳು ತಾನಾಗಿ ಬೆಳ್ಳಗಾಗುತ್ತದೆ.’ ಸಲಹೆ ಸುಳ್ಳಲ್ಲ. ಮೀನು ಬಿಟ್ಟು ಕೆಲವೇ ದಿನಗಳಲ್ಲಿ ಮರಳು ಈಗಷ್ಟೇ ತೊಳೆದು ಹಾಕಿದಂತೆ ಕಾಣುತ್ತದೆ. ಆದರೆ ಮೂರು ತಿಂಗಳಾದ ಮೇಲೆ ಆ ಮೀನು ಹೇಗಿದೆ ಎಂದು ಸಲಹೆ ಕೊಟ್ಟವರನ್ನು ಯಾರೂ ಹೋಗಿ ಕೇಳುವುದಿಲ್ಲ. ಸಣ್ಣ ತೊಟ್ಟಿಗೆ ಬಂದ ಎಷ್ಟೋ ಗೋಬಿಗಳು ಹೊಟ್ಟೆ ಬೆನ್ನಿಗೆ ಹತ್ತಿ ಸಾಯುತ್ತವೆ. ಅದೂ ದಿನವಿಡೀ ಬಾಯಿ ಆಡಿಸುತ್ತಲೇ.

ಇದೇಕೆ ಹೀಗೆ ಎಂದು ತಿಳಿಯಲು ಆ ಬಾಯಿಯನ್ನೇ ಗಮನಿಸಬೇಕು. ಗೋಬಿ ಮೂತಿಯನ್ನು ಓರೆಯಾಗಿ ಮರಳಿಗೆ ಚುಚ್ಚಿ ಒಂದು ತುತ್ತು ತೆಗೆಯುತ್ತದೆ. ದವಡೆ ಎರಡು ಮೂರು ಸಲ ಆಡುತ್ತದೆ. ಕಿವಿರಿನ ಕಮಾನುಗಳ ಒಳಬದಿಯಲ್ಲಿ ಬಾಚಣಿಗೆಯ ಹಲ್ಲುಗಳಂಥ ಮುಳ್ಳುಗಳಿವೆ, ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆಯಿದೆ. ಇವೆರಡರ ನಡುವೆ ತಿನ್ನುವಂಥದ್ದು ಉಳಿಯುತ್ತದೆ, ಮರಳು ಕಿವಿರ ಮುಚ್ಚಳದ ಅಡಿಯಿಂದ ಎರಡು ಧಾರೆಯಾಗಿ ಸುರಿಯುತ್ತದೆ. ಮೊರದಲ್ಲಿ ಧಾನ್ಯ ಕೇರಿದ ಹಾಗೆ. ಕೇರಿದ ಮೇಲೆ ಉಳಿಯುವುದು ಪಾಚಿಯಲ್ಲ, ಮೀನಿನ ಹಿಕ್ಕೆಯೂ ಅಲ್ಲ. ಸೀಗಡಿಯ ಬಳಗದ ಪುಟ್ಟ ಜೀವಿಗಳಾದ ಕೋಪೆಪಾಡ್, ಆಂಫಿಪಾಡ್, ಆಸ್ಟ್ರಕಾಡ್‌ಗಳು, ಮರಳಿನೊಳಗಿನ ಸಣ್ಣ ಹುಳುಗಳು, ಚಿಪ್ಪಿನ ಮರಿಗಳು, ಇಂಥವು. ಅಂದರೆ ಈ ಮೀನು ಜಾಡಮಾಲಿಯಲ್ಲ, ಬೇಟೆಗಾರ. ಮರಳು ಬೆಳ್ಳಗಾಗುವುದು ಬೇಟೆಯ ಅಡ್ಡಪರಿಣಾಮ ಮಾತ್ರ. ಕಂದು ಪೊರೆ ಮಾಯವಾಗಿಲ್ಲ, ಮೇಲಿನ ಕಣ ಅಡಿಗೆ ಹೋಗಿ ಅಡಿಯ ಕಣ ಮೇಲೆ ಬಂದಿದೆ, ಅಷ್ಟೆ. ಸಿಲಿಕೇಟ್ ಇರುವ ನೀರನ್ನೇ ಹಾಕುತ್ತಿದ್ದರೆ ಗೋಬಿ ಇದ್ದರೂ ಡಯಾಟಮ್ ಗಾಜಿನ ಮೇಲೆ, ಬಂಡೆಯ ಮೇಲೆ ಬಂದೇ ಬರುತ್ತದೆ. ಅದಕ್ಕೆ ಮದ್ದು ಆರ್‌ಒ ನೀರು, ಮೀನಲ್ಲ.

ಈಗ ಲೆಕ್ಕ ಹಾಕಿ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಯ ತಳ 0.18 ಚದರ ಮೀಟರ್. ಬಂಡೆಗಳು ಅದರಲ್ಲಿ ಮೂರನೇ ಒಂದು ಭಾಗ ತಿಂದರೆ ಉಳಿದದ್ದು 0.12. ಈ ಅಂಗೈಯಗಲದ ಹೊಲವನ್ನು ಗೋಬಿ ಬೆಳಗಿನಿಂದ ಸಂಜೆಯವರೆಗೆ ಮತ್ತೆ ಮತ್ತೆ ಉಳುತ್ತದೆ. ಮರಳಿನಲ್ಲಿರುವ ಕೋಪೆಪಾಡ್ ಮೊಟ್ಟೆಯೊಡೆದು ಬೆಳೆದು ತಾನೂ ಮೊಟ್ಟೆಯಿಡಲು ಬೆಚ್ಚಗಿನ ನೀರಿನಲ್ಲೂ ಒಂದೆರಡು ವಾರ ಬೇಕು. ಅಷ್ಟರೊಳಗೆ ಅದೇ ಜಾಗವನ್ನು ಮೀನು ಎಷ್ಟೋ ಸಲ ಸೋಸಿಯಾಗಿರುತ್ತದೆ. ಬಿತ್ತನೆಗೆ ಕಾಳು ಉಳಿಯದ ಹೊಲ ಮತ್ತೆ ಬೆಳೆಯುವುದಾದರೂ ಹೇಗೆ? ಮೊದಲ ಕೆಲವು ವಾರ ಮೀನು ದುಂಡಗಿರುತ್ತದೆ, ನೋಡುವವರಿಗೆ ಎಲ್ಲ ಸರಿಯಿದೆ ಅನ್ನಿಸುತ್ತದೆ. ಆಮೇಲೆ ಮೀನು ಕೇರುವುದನ್ನು ಬಿಡುವುದಿಲ್ಲ, ಆದರೆ ಮೊರದಲ್ಲಿ ಏನೂ ಇರುವುದಿಲ್ಲ. ಹೊಟ್ಟೆಗಿಲ್ಲದ ಮೀನು ಸುಮ್ಮನೆ ಮೂಲೆ ಹಿಡಿದಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಇದು ಕೊನೆಯ ವಾರದವರೆಗೂ ದುಡಿಯುತ್ತಲೇ ಇರುವುದರಿಂದ ಚೆನ್ನಾಗಿ ತಿನ್ನುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ.

ಆದ್ದರಿಂದ ಮೊದಲ ಪ್ರಶ್ನೆ ಯಾವ ಗೋಬಿ ಎಂಬುದು.

ಅಂಗಡಿಗಳಲ್ಲಿ ‘ಸ್ಯಾಂಡ್ ಸಿಫ್ಟರ್’ ಹೆಸರಿನಲ್ಲಿ ಸಿಗುವವು ಬಹುಪಾಲು ವ್ಯಾಲೆನ್ಸಿಯೆನಿಯಾ ಕುಲದವು. ಇವಕ್ಕೆ ಸ್ಲೀಪರ್ ಗೋಬಿ ಎಂಬ ಹೆಸರೂ ಉಂಟು. ನಿದ್ದೆಗೂ ಇದಕ್ಕೂ ಸಂಬಂಧವಿಲ್ಲ. ಸಾಮಾನ್ಯ ಗೋಬಿಗಳಲ್ಲಿ ಹೊಟ್ಟೆಯ ಕೆಳಗಿನ ಎರಡು ಈಜುರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಾಗಿರುತ್ತವೆ. ಈ ಕುಲದಲ್ಲಿ ಸ್ಲೀಪರ್ ಎಂಬ ಬೇರೊಂದು ಗುಂಪಿನ ಮೀನುಗಳಂತೆ ಅವು ಬಿಡಿಬಿಡಿಯಾಗಿವೆ, ಹೆಸರು ಅಲ್ಲಿಂದ ಬಂದದ್ದು. ಡೈಮಂಡ್ ಗೋಬಿ, ಅಂದರೆ ವ್ಯಾಲೆನ್ಸಿಯೆನಿಯಾ ಪ್ಯುಯೆಲಾರಿಸ್, ಮೈಮೇಲೆ ಕಿತ್ತಳೆ ಚುಕ್ಕೆಗಳ ಸಾಲಿರುವ ಚೆಂದದ ಮೀನು. ತೊಟ್ಟಿಯಲ್ಲಿ 12ರಿಂದ 15 ಸೆಂ.ಮೀ.ವರೆಗೆ ಬೆಳೆಯುತ್ತದೆ, ಸಮುದ್ರದಲ್ಲಿ ಇನ್ನೂ ದೊಡ್ಡದಾಗುತ್ತದೆ. ಹಳದಿ ತಲೆ, ಕಣ್ಣಿನ ಕೆಳಗೆ ನೀಲಿ ಗೆರೆ ಇದ್ದರೆ ಅದು ಸ್ಟ್ರಿಗಾಟಾ. ಇದಕ್ಕೊಂದು ಚಾಳಿಯಿದೆ: ಬಾಯಿ ತುಂಬಾ ಮರಳು ತುಂಬಿಕೊಂಡು ನೀರಿನ ನಡುಮಟ್ಟಕ್ಕೆ ಏರಿ ಅಲ್ಲಿಂದ ಉದುರಿಸುತ್ತದೆ. ಕೆಳಗೆ ಹವಳಗಳಿದ್ದರೆ ಅವುಗಳ ಮೇಲೆ ದಿನವಿಡೀ ಮರಳಿನ ಮಳೆ. ಕೆನ್ನೆಯ ಮೇಲೆ ತಿಳಿನೀಲಿ ಚುಕ್ಕೆಗಳಿರುವ ಸೆಕ್ಸ್‌ಗಟಾಟಾ ಕುಲದಲ್ಲಿ ಸ್ವಲ್ಪ ಚಿಕ್ಕದು, ತಳ ಬಿಟ್ಟು ಅಷ್ಟಾಗಿ ಮೇಲೇಳುವುದಿಲ್ಲ.

ಈ ಕುಲದ ಯಾವುದಕ್ಕೂ 200 ಲೀಟರ್‌ಗಿಂತ ಕಡಿಮೆಯ ತೊಟ್ಟಿ ನ್ಯಾಯವಲ್ಲ. ಲೀಟರಿಗಿಂತಲೂ ಮುಖ್ಯವಾದದ್ದು ತಳದ ವಿಸ್ತಾರ: 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಇರಲಿ. ಎತ್ತರದ ತೊಟ್ಟಿ ಇವಕ್ಕೆ ಉಪಯೋಗವಿಲ್ಲ. 120 ಲೀಟರ್ ತೊಟ್ಟಿಯಲ್ಲಿ ಸಾಕಿದವರು ಇದ್ದಾರೆ, ನಿಜ. ಆದರೆ ಅಂಥವರು ದಿನಕ್ಕೆ ನಾಲ್ಕು ಸಲ ಕೈಯಾರೆ ಉಣಿಸುವವರು.

ತೊಟ್ಟಿ ಇನ್ನೂ ಚಿಕ್ಕದಿದ್ದರೆ ಆಸೆಯನ್ನೇ ಸ್ವಲ್ಪ ತಿರುಗಿಸಿಕೊಳ್ಳುವುದು ಒಳ್ಳೆಯದು. ಸ್ಟೋನೋಗೋಬಿಯಾಪ್ಸ್ ಕುಲದ ಮೀನುಗಳು, ಉದಾಹರಣೆಗೆ ಕೆಂಪು ಬಿಳಿ ಪಟ್ಟೆಯ ಯಾಶಾ, ಆರು ಸೆಂ.ಮೀ. ಆಸುಪಾಸಿನವು. 50–60 ಲೀಟರ್ ಸಾಕು. ಇವು ಮುಖ್ಯವಾಗಿ ನೀರಿನಲ್ಲಿ ತೇಲಿಬರುವುದನ್ನು ಹಿಡಿದು ತಿನ್ನುತ್ತವೆ, ಮರಳಿನ ಗಣಿ ಬರಿದಾದರೂ ಉಪವಾಸ ಬೀಳುವುದಿಲ್ಲ. ಮರಳು ಕದಡುವ ಕೆಲಸವನ್ನು ಇವುಗಳ ಜೊತೆಗಾರ, ಅಂದರೆ ಆಲ್ಫಿಯಸ್ ಕುಲದ ಪಿಸ್ತೂಲ್ ಸೀಗಡಿ, ನೋಡಿಕೊಳ್ಳುತ್ತದೆ. ಕಣ್ಣು ಮಂದವಾದ ಸೀಗಡಿ ಬುಲ್ಡೋಜರಿನಂತೆ ಮರಳು ತಳ್ಳುತ್ತಾ ಹೊರಬರುವಾಗ ಅದರ ಮೀಸೆ ಮೀನಿನ ಮೈಗೆ ತಾಗಿಯೇ ಇರುತ್ತದೆ. ಅಪಾಯ ಕಂಡರೆ ಮೀನು ಬಾಲ ಅದುರಿಸುತ್ತದೆ, ಸೀಗಡಿ ಒಳಗೆ. ನಿಜ ಹೇಳಬೇಕೆಂದರೆ ಸಣ್ಣ ತೊಟ್ಟಿಯಲ್ಲಿ ಇದರಷ್ಟು ಒಳ್ಳೆಯ ನೋಟ ಬೇರೆ ಇಲ್ಲ, ಡೈಮಂಡ್ ಗೋಬಿಯೂ ಇದರ ಮುಂದೆ ಸಪ್ಪೆ.

ಬೆನ್ನಿನ ಎರಡು ರೆಕ್ಕೆಗಳ ಮೇಲೆ ಕಣ್ಣಿನಂಥ ಮಚ್ಚೆಗಳಿರುವ ಸಿಗ್ನಿಗೋಬಿಯಸ್ ಬಯೋಸೆಲಾಟಸ್ ಎಂಬ ಪುಟ್ಟ ಮೀನು ಎಲ್ಲರ ಕಣ್ಣಿಗೂ ಬೀಳುತ್ತದೆ. ಏಡಿ ನಡೆದಂತೆ ಹಿಂದೆ ಮುಂದೆ ಜೀಕುತ್ತಾ ಚಲಿಸುತ್ತದೆ. ಚಿಕ್ಕದಲ್ಲವೇ, ಸಣ್ಣ ತೊಟ್ಟಿಗೆ ಸರಿಹೋಗುತ್ತದೆ ಎಂದುಕೊಳ್ಳುವುದು ಸಹಜ. ಬೇಡ. ಇದು ಜೋಡಿ ತಪ್ಪಿದರೆ ಸೊರಗುತ್ತದೆ, ಹೆಪ್ಪುಗಟ್ಟಿಸಿದ ಆಹಾರವನ್ನು ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಹಳೆಯ ದೊಡ್ಡ ತೊಟ್ಟಿ ಇರುವ ಅನುಭವಿಗಳಿಗೂ ಇದು ಕಷ್ಟದ ಮೀನೇ.

ಮರಳು

ಅರಗೊನೈಟ್ ಎಂಬ ಸುಣ್ಣದ ಮರಳು, ಕಣದ ಗಾತ್ರ 0.5ರಿಂದ 1 ಮಿ.ಮೀ. ಇದಕ್ಕಿಂತ ನಯವಾದದ್ದು, ಹಿಟ್ಟಿನಂಥದ್ದು, ಪಂಪಿನ ಸೆಳೆತಕ್ಕೆ ಎದ್ದು ಗುಡ್ಡೆ ಬೀಳುತ್ತದೆ. 2 ಮಿ.ಮೀ. ದಾಟಿದರೆ ಕಿವಿರಿನಿಂದ ಸರಾಗವಾಗಿ ಹೊರಬೀಳುವುದಿಲ್ಲ. ಪುಡಿ ಮಾಡಿದ ಹವಳದ ಜಲ್ಲಿಯಂತೂ ಬೇಡವೇ ಬೇಡ. ಅದರ ಅಂಚು ಹರಿತ, ತುಟಿ ಮತ್ತು ಕಿವಿರಿಗೆ ಗೀರು ಬಿದ್ದು ಅಲ್ಲಿಂದ ಸೋಂಕು ಹತ್ತುತ್ತದೆ. ಮರಳನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಚುಚ್ಚಿದರೆ ಅದು ಮೀನಿನ ಬಾಯಿಗೂ ಚುಚ್ಚುತ್ತದೆ.

ಆಳ 5 ಸೆಂ.ಮೀ. ಇರಲಿ. 60 × 45 ಸೆಂ.ಮೀ. ತಳಕ್ಕೆ 5 ಸೆಂ.ಮೀ. ಎಂದರೆ ಸುಮಾರು 13.5 ಲೀಟರ್ ಮರಳು, ತೂಕದಲ್ಲಿ 19–20 ಕೆ.ಜಿ. ಇದಕ್ಕಿಂತ ತೆಳುವಾದರೆ ಮೀನು ಎರಡೇ ದಿನದಲ್ಲಿ ಗಾಜು ಕಾಣಿಸುತ್ತದೆ, ಬಿಲ ಕೊರೆಯಲಾಗದೆ ಗಾಬರಿಯಲ್ಲಿರುತ್ತದೆ. 10 ಸೆಂ.ಮೀ. ಮೀರಿದರೆ ಅಡಿಯಲ್ಲಿ ಆಮ್ಲಜನಕವಿಲ್ಲದ ಪದರ ಆಗುತ್ತದೆ, ಅಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಆಳದ ಮರಳಿಗೆ ದಿಢೀರನೆ ಗೋಬಿ ಬಿಡುವುದು ಅಪಾಯಕ್ಕೆ ಆಹ್ವಾನ. ಗಾಜಿನ ಪಕ್ಕದಿಂದ ನೋಡಿದಾಗ ಕಪ್ಪು ಗೆರೆಗಳಿದ್ದು, ಕೋಲು ಆಡಿಸಿದರೆ ಕೊಳೆತ ಮೊಟ್ಟೆಯ ವಾಸನೆ ಬಂದರೆ ಮೊದಲು ನೀವೇ ಸ್ವಚ್ಛ ಮಾಡಬೇಕು: ವಾರಕ್ಕೆ ಮೂರನೇ ಒಂದು ಭಾಗದಂತೆ ಸೈಫನ್ ಹಾಕಿ ಎಳೆದು, ಮೂರು ವಾರದಲ್ಲಿ ಮುಗಿಸಿ, ಆಮೇಲೆ ಮೀನು.

‘ಲೈವ್ ಸ್ಯಾಂಡ್’ ಎಂದು ಚೀಲದಲ್ಲಿ ಬರುವ ಒದ್ದೆ ಮರಳಿನ ಬಗ್ಗೆ ಒಂದು ಮಾತು. ಅದರಲ್ಲಿ ಜೀವಂತವಾಗಿರುವುದು ಬ್ಯಾಕ್ಟೀರಿಯಾ. ನೈಟ್ರೋಜನ್ ಚಕ್ರ, ಅಂದರೆ ವಿಷವಾದ ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುವ ಕ್ರಮ, ಬೇಗ ಕೂರಲು ಅದು ನೆರವಾಗಬಹುದು, ಗೋಬಿಯ ಹೊಟ್ಟೆಗೆ ಅದರಿಂದ ಏನೂ ಸಿಗದು. ಹುಳು, ಕೋಪೆಪಾಡ್‌ಗಳು ಬರಬೇಕೆಂದರೆ ರೋಗವಿಲ್ಲದ ಹಳೆಯ ತೊಟ್ಟಿಯಿಂದ ಎರಡು ಬಟ್ಟಲು ಮರಳು ತಂದು ಬೆರೆಸಬೇಕು, ಇಲ್ಲವೇ ಟಿಸ್ಬೆ ಕುಲದ ಕೋಪೆಪಾಡ್ ಬಾಟಲಿ ತಂದು ಬಿತ್ತಬೇಕು. ಟಿಸ್ಬೆ ತಳದಲ್ಲಿ ಹರಿದಾಡುವಂಥದ್ದು. ದೀಪ ಆರಿದ ಮೇಲೆ, ಪಂಪುಗಳನ್ನೆಲ್ಲ ನಿಲ್ಲಿಸಿ, ಬಂಡೆಯ ಬುಡಕ್ಕೆ ಪಿಪೆಟ್‌ನಿಂದ ಇಳಿಬಿಟ್ಟು ಒಂದು ಗಂಟೆ ಹಾಗೇ ಬಿಡಿ. ಹಗಲಲ್ಲಿ ಸುರಿದರೆ ಅರ್ಧ ಇತರ ಮೀನುಗಳ ಬಾಯಿಗೆ, ಉಳಿದರ್ಧ ಫಿಲ್ಟರಿಗೆ.

ನೈಟ್ರೋಜನ್ ಚಕ್ರ ನಾಲ್ಕರಿಂದ ಆರು ವಾರದಲ್ಲಿ ಕೂರುತ್ತದೆ. ಮರಳು ಹೊಲವಾಗಲು ಅಷ್ಟು ಸಾಲದು. ಕನಿಷ್ಠ ಆರು ತಿಂಗಳು ಕಾಯಿರಿ. ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಗಾಜಿನ ಪಕ್ಕ ಹಿಡಿದರೆ ಮರಳಿನ ಕಣಗಳ ನಡುವೆ ಬಿಳಿ ಚುಕ್ಕೆಗಳು ಓಡಾಡಬೇಕು, ಕೂದಲೆಳೆಯಂಥ ಹುಳುಗಳ ಸುರಂಗ ಕಾಣಬೇಕು. ಕಾಣದಿದ್ದರೆ ಇನ್ನೂ ಸಮಯವಾಗಿಲ್ಲ.

ಬಂಡೆಗಳ ವಿಷಯದಲ್ಲಿ ರಾಜಿ ಬೇಡ. ಅವು ಮರಳಿನ ಮೇಲೆ ಕೂರಬಾರದು, ತೊಟ್ಟಿಯ ತಳದ ಮೇಲೇ ಕೂರಬೇಕು. ಮೊದಲು ಬಂಡೆ, ಆಮೇಲೆ ಸುತ್ತ ಮರಳು. ಗೋಬಿ ಬಿಲ ತೋಡುವುದು ಬಂಡೆಯ ಅಡಿಯಲ್ಲೇ. ಮರಳಿನ ಮೇಲಿಟ್ಟ ಬಂಡೆ ಒಂದು ರಾತ್ರಿ ಕುಸಿದರೆ ಅಡಿಯಲ್ಲಿರುವ ಮೀನು ಅಪ್ಪಚ್ಚಿ, ಪಕ್ಕಕ್ಕೆ ಉರುಳಿದರೆ ಗಾಜು. ತಳದ ಗಾಜಿಗೆ ಪೆಟ್ಟಾಗುವ ಭಯವಿದ್ದರೆ ಬಂಡೆಯ ಕೆಳಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಬಹುದು. ಜೊತೆಗೆ ಎರಡೂವರೆ ಸೆಂ.ಮೀ. ವ್ಯಾಸದ, 15–20 ಸೆಂ.ಮೀ. ಉದ್ದದ ಪಿವಿಸಿ ಕೊಳವೆಯೊಂದನ್ನು ಓರೆಯಾಗಿ ಬಂಡೆಯ ಕೆಳಗೆ ತೂರಿಸಿ, ಬಾಯಿಯಷ್ಟೇ ಮರಳಿನ ಮೇಲೆ ಕಾಣುವಂತೆ ಹೂತಿಡಿ. ಬಿಲ ತೋಡುವ ಶ್ರಮ ಉಳಿದ ಮೀನು ಬೇಗ ಹೊಂದಿಕೊಳ್ಳುತ್ತದೆ.

ಮೀನು ತನ್ನಿಷ್ಟದಂತೆ ಮರಳನ್ನು ಒಂದು ಮೂಲೆಗೆ ಒಟ್ಟುತ್ತದೆ. ಇದನ್ನು ದಿನಾ ಸಮ ಮಾಡಲು ಹೋಗಬೇಡಿ, ನೀವು ಸಮ ಮಾಡಿದ್ದನ್ನು ಅದು ಮತ್ತೆ ಗುಡ್ಡೆ ಮಾಡುತ್ತದೆ, ಸವೆಯುವುದು ಅದರ ಮೈ. ಲಾಂಗಿಪಿನಿಸ್ ಎಂಬ ಸಂಬಂಧಿ ಜಾತಿಯಲ್ಲಿ ಮೊಟ್ಟೆಯಿರುವ ಬಿಲದ ಮೇಲೆ ಹೆಣ್ಣು ಮೀನು ಹವಳದ ಚೂರುಗಳನ್ನು ಗುಡ್ಡೆ ಹಾಕುತ್ತದೆ, ಒಳಗೆ ಗಂಡು ಮೊಟ್ಟೆ ಕಾಯುತ್ತದೆ. ಆ ಗುಡ್ಡೆಯ ಆಕಾರದಿಂದ ಬಿಲದೊಳಗೆ ನೀರು ಹೆಚ್ಚು ಹರಿದಾಡುತ್ತದೆ. ನಮ್ಮ ಕಣ್ಣಿಗೆ ಅಸ್ತವ್ಯಸ್ತ ಎನಿಸುವುದಕ್ಕೆ ಮೀನಿನ ಮಟ್ಟಿಗೆ ಲೆಕ್ಕಾಚಾರವಿದೆ. ಮರಳಿನ ಮೇಲೆ ನೇರವಾಗಿ ಇಡುವ ಹವಳಗಳನ್ನು, ಹವಳದ ಬಳಗದ ಜೋಆಂಥಿಡ್ ತುಂಡುಗಳನ್ನು ತಳದಿಂದ 10 ಸೆಂ.ಮೀ. ಮೇಲಕ್ಕೆ ಏರಿಸಿಬಿಡುವುದು ವಾಸಿ. ಪಂಪುಗಳೂ ಅಷ್ಟೇ ಎತ್ತರದಲ್ಲಿರಲಿ. ಮರಳು ಒಳಗೆ ಹೋದರೆ ಇಂಪೆಲ್ಲರ್ ಸವೆದು ಕರಕರ ಸದ್ದು ಶುರುವಾಗುತ್ತದೆ.

ಮುಚ್ಚಳವಿಲ್ಲದ ತೊಟ್ಟಿಯಲ್ಲಿ ಗೋಬಿ ಸಾಕುವುದೆಂದರೆ ಒಂದು ಬೆಳಿಗ್ಗೆ ಅದನ್ನು ನೆಲದ ಮೇಲೆ ಒಣಗಿದ ಕಡ್ಡಿಯಾಗಿ ಕಾಣುವುದು. ತಳದ ಮೀನು ಜಿಗಿಯುವುದಿಲ್ಲ ಎಂಬ ನಂಬಿಕೆ ಹೇಗೆ ಬಂತೋ! ದೀಪ ಥಟ್ಟನೆ ಆರಿದಾಗ, ಯಾರಾದರೂ ಅಟ್ಟಿಸಿದಾಗ, ಹೊಸ ಜಾಗದ ಮೊದಲ ವಾರದಲ್ಲಿ ಇವು ಬಾಣದಂತೆ ಮೇಲಕ್ಕೆ ಚಿಮ್ಮುತ್ತವೆ. 6 ಮಿ.ಮೀ. ಕಿಂಡಿಯ ಬಲೆ ಚೌಕಟ್ಟಿಗೆ ಬಿಗಿದು ಮುಚ್ಚಿ. ಯಾಶಾದಂಥ ತೆಳುವಾದ ಮೀನಿಗೆ 3 ಮಿ.ಮೀ. ಕಿಂಡಿ ಬೇಕು. ವೈರು, ಕೊಳವೆ ಒಳಹೋಗುವ ಜಾಗದ ಸಂದಿಯನ್ನು ಸ್ಪಂಜಿನಿಂದ ತುಂಬಿ, ಜಿಗಿಯುವ ಮೀನಿಗೆ ಆ ಸಂದಿಯೇ ಸಿಗುವುದು.

ನೀರಿನ ಅಂಕಿಗಳಲ್ಲಿ ವಿಶೇಷವೇನಿಲ್ಲ: 24–27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.024–1.026, ಪಿಎಚ್ 8.0–8.4, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 20 ಮಿ.ಗ್ರಾಂ.ಗಿಂತ ಕಡಿಮೆ. ಸಣ್ಣ ತೊಟ್ಟಿಯಲ್ಲಿ ಆವಿಯ ಮೇಲೆ ಕಣ್ಣಿರಲಿ. 60 ಲೀಟರಿನಲ್ಲಿ 2 ಲೀಟರ್ ಆವಿಯಾದರೆ ಸಾವಿರಕ್ಕೆ 35ರಷ್ಟಿದ್ದ ಲವಣಾಂಶ 36 ದಾಟುತ್ತದೆ. ಆವಿಯಾದದ್ದಕ್ಕೆ ಸಿಹಿನೀರನ್ನೇ ಸೇರಿಸಬೇಕು, ಉಪ್ಪು ಆವಿಯಾಗುವುದಿಲ್ಲ.

ಆರಿಸುವುದು, ತರುವುದು

ಅಂಗಡಿಯ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಮರಳಿರುವುದಿಲ್ಲ. ಹಿಡಿದ ದಿನದಿಂದ ಅಲ್ಲಿಯವರೆಗೆ ಆ ಮೀನು ಎಷ್ಟು ತಿಂದಿದೆಯೋ ದೇವರೇ ಬಲ್ಲ. ಬಣ್ಣ ನೋಡಿ ಮರುಳಾಗದೆ ಮೈಕಟ್ಟು ನೋಡಿ. ಬದಿಯಿಂದ ನೋಡಿದಾಗ ಹೊಟ್ಟೆಯ ಗೆರೆ ನೇರವಾಗಿರಬೇಕು ಅಥವಾ ಕೊಂಚ ಉಬ್ಬಿರಬೇಕು. ಒಳಕ್ಕೆ ಬಾಗಿದ್ದರೆ ಯೋಚಿಸಿ. ಮೇಲಿನಿಂದ ನೋಡಿದಾಗ ತಲೆಯ ಹಿಂದಿನ ಮಾಂಸ ಇಂಗಿ ತಲೆ ಮಾತ್ರ ದಪ್ಪಗೆ ಕಂಡರೆ ಬಿಟ್ಟುಬಿಡಿ. ಅಲ್ಲಿ ಕರಗಿರುವುದು ಕೊಬ್ಬಲ್ಲ, ಸ್ನಾಯು. ಅಷ್ಟು ದೂರ ಹೋದ ಮೀನು ತಿನ್ನಲು ಶುರು ಮಾಡಿದರೂ ಚೇತರಿಸಿಕೊಳ್ಳುವುದು ಅಪರೂಪ. ಎರಡೂ ಕಿವಿರ ಮುಚ್ಚಳ ಒಂದೇ ಲಯದಲ್ಲಿ ಆಡುತ್ತಿವೆಯೇ, ತುಟಿ ಹರಿದಿದೆಯೇ ನೋಡಿ. ಕೊನೆಗೆ, ನಿಮ್ಮ ಕಣ್ಣೆದುರೇ ಮೈಸಿಸ್ ಸೀಗಡಿ ಹಾಕಿಸಿ. ತಿಂದರೆ ತನ್ನಿ. ಈ ಒಂದು ಪರೀಕ್ಷೆ ಮುಂದಿನ ಮುಕ್ಕಾಲು ಪಾಲು ತಲೆನೋವನ್ನು ತಪ್ಪಿಸುತ್ತದೆ.

ಚೀಲವನ್ನು 15–20 ನಿಮಿಷ ತೇಲಿಬಿಟ್ಟು ಉಷ್ಣತೆ ಹೊಂದಿಸಿ. ದೂರದಿಂದ ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದ ಚೀಲವಾದರೆ ಹನಿಹನಿಯಾಗಿ ನೀರು ಬೆರೆಸುವುದನ್ನು ಗಂಟೆಗಟ್ಟಲೆ ಎಳೆಯಬೇಡಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿ ಪಿಎಚ್ ಇಳಿದಿರುತ್ತದೆ, ಅಲ್ಲಿಯವರೆಗೆ ಅಮೋನಿಯಾ ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಚೀಲ ತೆರೆದು ಗಾಳಿ ಸೋಕಿದೊಡನೆ ಪಿಎಚ್ ಏರಿ ಅದು ವಿಷವಾಗಿ ತಿರುಗುತ್ತದೆ. ಲವಣಾಂಶ ಮೊದಲೇ ಅಳೆದು, ಬರಲಿರುವ ಮೀನಿನ ನೀರಿಗೆ ಹತ್ತಿರವಾಗುವಂತೆ ಕ್ವಾರಂಟೈನ್ ತೊಟ್ಟಿಯನ್ನೇ ಹೊಂದಿಸಿಟ್ಟರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಕ್ವಾರಂಟೈನ್ ವಿಷಯದಲ್ಲಿ ಈ ಮೀನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಬರಿಯ ಗಾಜಿನ ತಳದಲ್ಲಿ ಅದಕ್ಕೆ ನೆಮ್ಮದಿಯಿಲ್ಲ. ಅರಗೊನೈಟ್ ಹಾಕಿದರೆ ಬಿಳಿಚುಕ್ಕೆ ರೋಗಕ್ಕೆ ಕೊಡುವ ತಾಮ್ರವನ್ನು ಆ ಸುಣ್ಣದ ಮರಳೇ ಹೀರಿಕೊಂಡು ನೀರಿನಲ್ಲಿ ಔಷಧದ ಮಟ್ಟ ಬಿದ್ದುಹೋಗುತ್ತದೆ. ಮಧ್ಯದ ದಾರಿಯೆಂದರೆ ಅಗಲವಾದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ 4 ಸೆಂ.ಮೀ. ಆಳಕ್ಕೆ ದುಂಡು ಕಣದ ಸಿಲಿಕಾ ಮರಳು ತುಂಬಿ ಮೂಲೆಯಲ್ಲಿಡುವುದು. ಕಿವಿರಿನ ಚಪ್ಪಟೆ ಹುಳುಗಳಿಗೆ ಪ್ರಾಜಿಕ್ವಾಂಟೆಲ್ ಲೀಟರಿಗೆ 2–2.5 ಮಿ.ಗ್ರಾಂ., ಐದರಿಂದ ಏಳು ದಿನ ಬಿಟ್ಟು ಇನ್ನೊಮ್ಮೆ. ಆ ಅವಧಿಯಲ್ಲಿ ಗಾಳಿಯ ಕಲ್ಲು ಜೋರಾಗಿ ಓಡುತ್ತಿರಲಿ. ಹಿಕ್ಕೆ ಬಿಳಿ ದಾರದಂತೆ ಜೋತಾಡುತ್ತಿದ್ದರೆ ಕರುಳಿನ ಪರೋಪಜೀವಿಗಳ ಅನುಮಾನ. ಚೆನ್ನಾಗಿ ತಿಂದರೂ ಮೀನು ಬಡಕಲಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಈ ಹಂತವನ್ನು ದಾಟಿಸಿಬಿಡೋಣ ಎಂಬ ಆತುರ ಬೇಡ. ಬಿಳಿಚುಕ್ಕೆಯ ಪರೋಪಜೀವಿ ಕ್ರಿಪ್ಟೋಕ್ಯಾರಿಯಾನ್ ತನ್ನ ಕೋಶದ ಹಂತವನ್ನು ಕಳೆಯುವುದು ಮರಳು ಬಂಡೆಗಳ ಮೇಲೆ, ಗೋಬಿ ದಿನವಿಡೀ ಬಾಯಿಗೆ ಹಾಕಿಕೊಳ್ಳುವುದೂ ಅದೇ ಮರಳನ್ನು.

ಮುಖ್ಯ ತೊಟ್ಟಿಗೆ ಬಿಡುವಾಗ ದೀಪ ಆರಿಸಿ, ಕೊಳವೆಯ ಬಾಯಿಯ ಬಳಿಯೇ ಬಿಡಿ. ಮೂರರಿಂದ ಏಳು ದಿನ ಮೀನು ಕಾಣದೇ ಇರಬಹುದು. ಸತ್ತಿದೆಯೆಂದು ಬಂಡೆ ಎತ್ತಿ ಹುಡುಕಲು ಹೋಗಬೇಡಿ. ಅಮೋನಿಯಾ ಅಳೆಯಿರಿ, ಸೊನ್ನೆಯಿದ್ದರೆ ಕಾಯಿರಿ.

ಉಣಿಸುವುದು

ಸಾಕುವವರ ಕೈಚಳಕ ಇರುವುದು ಇಲ್ಲಿ. ನೀರಿನ ಮೇಲೆ ಉದುರಿಸಿದ ಆಹಾರ ಗೋಬಿಗೆ ತಲುಪುವುದಿಲ್ಲ, ಮೇಲಿನ ಮೀನುಗಳು ನುಂಗಿ ಮಿಕ್ಕಿದ್ದನ್ನು ಪಂಪು ಸೆಳೆಯುತ್ತದೆ. ಬೇಕಾದ ಉಪಕರಣ ಸರಳ: 6 ಮಿ.ಮೀ. ಒಳವ್ಯಾಸದ, 40–50 ಸೆಂ.ಮೀ. ಉದ್ದದ ಗಟ್ಟಿ ಅಕ್ರಿಲಿಕ್ ನಳಿಕೆ, ತುದಿಗೊಂದು ರಬ್ಬರ್ ಬುರುಡೆ. ಹೆಪ್ಪುಗಟ್ಟಿದ ಮೈಸಿಸ್ ಅನ್ನು ತೊಟ್ಟಿಯ ನೀರಿನಲ್ಲಿ ಕರಗಿಸಿ, ಸಣ್ಣ ಬಲೆಯಲ್ಲಿ ಸೋಸಿ ಆ ಬಣ್ಣದ ನೀರನ್ನು ಚೆಲ್ಲಿ. ಅದರಲ್ಲಿ ಮೀನಿಗೆ ದಕ್ಕುವುದಕ್ಕಿಂತ ಪಾಚಿಗೆ ದಕ್ಕುವ ಫಾಸ್ಫೇಟ್ ಹೆಚ್ಚು. ಪಂಪು ನಿಲ್ಲಿಸಿ. ಮೊದಲು ಮೇಲಿನ ಮೀನುಗಳಿಗೆ ತೊಟ್ಟಿಯ ಇನ್ನೊಂದು ತುದಿಯಲ್ಲಿ ಸ್ವಲ್ಪ ಹಾಕಿ ಅತ್ತ ಸೆಳೆಯಿರಿ. ಆಮೇಲೆ ನಳಿಕೆಯ ತುದಿಯನ್ನು ಬಿಲದ ಬಾಯಿಂದ ಒಂದು ಗೇಣು ದೂರದಲ್ಲಿ ಮರಳಿನೊಳಗೆ ಒಂದು ಸೆಂ.ಮೀ. ಊರಿ ಮೆಲ್ಲನೆ ಒತ್ತಿ. ಆಹಾರ ಮರಳಿನೊಂದಿಗೆ ಬೆರೆತು ಕೂರುತ್ತದೆ. ಕೇರುವ ಮೀನಿಗೆ ಕೇರುವುದಕ್ಕೇ ಸಿಗುವಂತೆ ಕೊಡುವುದು, ಗುಟ್ಟು ಅಷ್ಟೇ. ಹತ್ತು ಹದಿನೈದು ನಿಮಿಷ ಬಿಟ್ಟು ಪಂಪು ಚಾಲೂ ಮಾಡಿ.

10 ಸೆಂ.ಮೀ. ಮೀನಿಗೆ ಒಂದು ಸಲಕ್ಕೆ ಎಂಟು ಹತ್ತು ಮೈಸಿಸ್, ದಿನಕ್ಕೆ ಮೂರು ನಾಲ್ಕು ಸಲ. ಒಂದೇ ಹೊತ್ತಿಗೆ ನಾಲ್ಕರಷ್ಟು ಸುರಿದರೆ ಲೆಕ್ಕ ಸರಿಹೋಗುವುದಿಲ್ಲ. ಇದು ದಿನವಿಡೀ ಚೂರು ಚೂರೇ ತಿನ್ನಲೆಂದು ರೂಪುಗೊಂಡ ಜೀವಿ, ಹೆಚ್ಚಾದದ್ದು ಮರಳಿನಲ್ಲಿ ಕೊಳೆಯುತ್ತದೆ. ಕೊನೆಯ ಊಟ ದೀಪ ಆರುವ ಒಂದು ಗಂಟೆ ಮೊದಲು ಇರಲಿ, ಕತ್ತಲಾದರೆ ಇದು ಬಿಲ ಸೇರಿ ಬೆಳಗಿನವರೆಗೆ ಹೊರಬರುವುದಿಲ್ಲ. ಮೈಸಿಸ್ ಜೊತೆಗೆ ಸೈಕ್ಲಾಪ್ಸ್, ಮೀನಿನ ಮೊಟ್ಟೆ, ಸಣ್ಣಗೆ ಕೊಚ್ಚಿದ ಚಿಪ್ಪುಮಾಂಸ ಬದಲಾಯಿಸುತ್ತಿರಿ. ಬ್ರೈನ್ ಶ್ರಿಂಪ್ ಎಂಬ ಪುಟ್ಟ ಉಪ್ಪುನೀರಿನ ಸೀಗಡಿ ಆಸೆ ಹುಟ್ಟಿಸಲು ಒಳ್ಳೆಯದು, ಅದೊಂದನ್ನೇ ನಂಬಿದರೆ ಮೀನು ತಿಂದೂ ಸೊರಗುತ್ತದೆ. ಒಂದೆರಡು ತಿಂಗಳಲ್ಲಿ 1 ಮಿ.ಮೀ. ಮುಳುಗುವ ಪೆಲೆಟ್‌ಗಳನ್ನು ನೆನೆಸಿ ಮೈಸಿಸ್ ಜೊತೆ ಬೆರೆಸಿ ರೂಢಿ ಮಾಡಿಸಿ. ಪೆಲೆಟ್ ಒಪ್ಪಿದ ಗೋಬಿಗೆ ನೀವು ಊರಲ್ಲಿಲ್ಲದಾಗಲೂ ಆಟೋ ಫೀಡರ್‌ನಿಂದ ಊಟ ನಡೆಯುತ್ತದೆ. ಫೀಡರ್‌ನಿಂದ ಮರಳಿನವರೆಗೆ ಒಂದು ಪ್ಲಾಸ್ಟಿಕ್ ಕೊಳವೆ ಇಳಿಬಿಟ್ಟರೆ ಪೆಲೆಟ್ ನೇರ ತಳಕ್ಕೆ ಹೋಗುತ್ತದೆ.

ಹೊಸ ಮೀನು ಏನನ್ನೂ ಮೂಸುತ್ತಿಲ್ಲವೆಂದರೆ ಜೀವಂತ ಆಹಾರದಿಂದ ಶುರು ಮಾಡಿ. ಸಿಹಿನೀರಿನ ಕಪ್ಪು ಹುಳುಗಳು ಉಪ್ಪುನೀರಿನಲ್ಲಿ ಬೇಗ ಸತ್ತರೂ ಅಷ್ಟರೊಳಗೆ ಹೊರಳಾಡುವುದನ್ನು ಕಂಡರೆ ಹಟ ಹಿಡಿದ ಗೋಬಿಯೂ ಬಾಯಿ ಹಾಕುತ್ತದೆ. ಸಾಯುವ ಮೊದಲು ಮೀನು ತಿಂದು ಮುಗಿಸುವುದಕ್ಕಿಂತ ಹೆಚ್ಚು ಹಾಕಬೇಡಿ, ಐದಾರು ಸಾಕು.

ಈಗ ಅಸಲಿ ತೊಡಕು. ಸಣ್ಣ ತೊಟ್ಟಿಯಲ್ಲಿ ದಿನಕ್ಕೆ ನಾಲ್ಕು ಊಟ ಹಾಕಿದರೆ ನೈಟ್ರೇಟ್, ಫಾಸ್ಫೇಟ್ ಏರುತ್ತವೆ. ಹಾಕದಿದ್ದರೆ ಮೀನು ಸಾಯುತ್ತದೆ. ಮರಳು ಬೆಳ್ಳಗಿರಲೆಂದು ತಂದ ಮೀನಿಗೆ ಹಾಕುವ ಆಹಾರದಿಂದಲೇ ಪಾಚಿ ಬೆಳೆಯುತ್ತದೆ. ಇದನ್ನು ತೂಗಿಸಲು ವಾರಕ್ಕೆ 10–15 ಶೇಕಡ ನೀರು ಬದಲಾವಣೆ ತಪ್ಪಿಸಬಾರದು. 100 ಲೀಟರ್ ತೊಟ್ಟಿಗೆ 10 ಲೀಟರ್ ಎಂದರೆ ಸುಮಾರು 360 ಗ್ರಾಂ ಉಪ್ಪು. ಮೀನು ಮರಳಿನಿಂದ ಎಬ್ಬಿಸಿದ ದೂಳು ನೀರಿಗೆ ಬರುವುದರಿಂದ ಫಿಲ್ಟರಿನ ಹತ್ತಿಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಹಾಗೇ ಬಿಟ್ಟರೆ ಹಿಡಿದ ಕೊಳೆ ಅಲ್ಲೇ ಕೊಳೆಯುತ್ತದೆ. ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಇದ್ದರೆ ಇನ್ನೂ ಒಳ್ಳೆಯದು.

ಸಂಪ್, ಅಂದರೆ ಮುಖ್ಯ ತೊಟ್ಟಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ, ಇರುವವರಿಗೆ ಇನ್ನೊಂದು ಅನುಕೂಲ. ಅದರ ಒಂದು ಖಾನೆಯಲ್ಲಿ ಕೀಟೊಮಾರ್ಫಾ ಎಂಬ ದಾರದಂಥ ಪಾಚಿಯ ಉಂಡೆ ಹಾಕಿ, ಮುಖ್ಯ ತೊಟ್ಟಿಯ ದೀಪ ಆರಿದ ಮೇಲೆ ಅಲ್ಲಿ ದೀಪ ಉರಿಸಿದರೆ ಪಾಚಿ ನೈಟ್ರೇಟ್ ಎಳೆದುಕೊಳ್ಳುತ್ತದೆ, ಅದರ ಸಿಕ್ಕಿನೊಳಗೆ ಗೋಬಿಯ ಬಾಯಿಗೆ ಸಿಗದೆ ಕೋಪೆಪಾಡ್‌ಗಳು ಹೆಚ್ಚುತ್ತವೆ. ಬೀಜ ಉಳಿಸಿಕೊಂಡ ಹೊಲ ಅದು. ತಿಂಗಳಿಗೊಮ್ಮೆ ಪಾಚಿಯ ಒಂದು ಹಿಡಿಯನ್ನು ಕಿತ್ತು ಮುಖ್ಯ ತೊಟ್ಟಿಯ ನೀರಿನಲ್ಲಿ ಜಾಲಾಡಿಸಿದರೆ ನೂರಾರು ಉದುರುತ್ತವೆ. ಆದರೂ ಒಂದು ದೊಡ್ಡ ಗೋಬಿಯನ್ನು ಇದರಿಂದಲೇ ಸಾಕುತ್ತೇನೆ ಎಂದು ಹೊರಡಬೇಡಿ, ಇದು ಉಪ್ಪಿನಕಾಯಿಯೇ ಹೊರತು ಊಟವಲ್ಲ.

ಅದೇ ಕಾರಣಕ್ಕೆ ಒಂದೇ ಹೊಲಕ್ಕೆ ಇಬ್ಬರು ಒಕ್ಕಲು ಬೇಡ. ಮರಳಿನಲ್ಲಿ ಹೂತು ನಡೆಯುವ ಸ್ಯಾಂಡ್ ಸಿಫ್ಟಿಂಗ್ ನಕ್ಷತ್ರಮೀನು ಅದೇ ಹುಳುಗಳನ್ನು ತಿಂದು ಮುಗಿಸುತ್ತದೆ, ಆಮೇಲೆ ತಾನೂ ಹಸಿದು ಕರಗುತ್ತದೆ. ಮ್ಯಾಂಡರಿನ್ ಮೀನಿಗೂ ಕೋಪೆಪಾಡ್‌ಗಳೇ ಬೇಕು. ಅದೇ ಕುಲದ ಇನ್ನೊಂದು ಗೋಬಿಯನ್ನು ಹೊಂದಿದ ಜೋಡಿಯಾಗಿದ್ದರೆ ಮಾತ್ರ ತರಬಹುದು. ಸಮುದ್ರದಲ್ಲಿ ಇವು ಜೋಡಿಯಾಗಿಯೇ ಓಡಾಡುವುದು ನಿಜ, ಆದರೆ ಅಂಗಡಿಯ ಎರಡು ತೊಟ್ಟಿಗಳಿಂದ ತಂದ ಎರಡು ಮೀನು ಜೋಡಿಯಲ್ಲ, ಸಣ್ಣ ಜಾಗದಲ್ಲಿ ಒಂದು ಇನ್ನೊಂದನ್ನು ಮೂಲೆಗೊತ್ತಿ ಕೊಲ್ಲುತ್ತದೆ. ನಸಾರಿಯಸ್ ಶಂಖಗಳು ಪರವಾಗಿಲ್ಲ, ಅವು ಮಿಕ್ಕ ಮಾಂಸದ ಚೂರು ತಿನ್ನುವವು, ಗೋಬಿ ಬಿಟ್ಟದ್ದನ್ನು ಕೊಳೆಯದಂತೆ ನೋಡಿಕೊಳ್ಳುತ್ತವೆ.

ಮೀನು ಸೊರಗುತ್ತಿದೆಯೇ ಎಂದು ದಿನಾ ನೋಡುವ ಕಣ್ಣಿಗೆ ಗೊತ್ತಾಗುವುದಿಲ್ಲ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗಿನ ಮೊದಲ ಊಟಕ್ಕೆ ಮುಂಚೆ, ಗಾಜಿಗೆ ಸಮಾನಾಂತರವಾಗಿ ನಿಂತಾಗ ಬದಿಯಿಂದ ಒಂದು ಫೋಟೋ ತೆಗೆದಿಡಿ. ನಾಲ್ಕು ಫೋಟೋ ಪಕ್ಕಪಕ್ಕ ಇಟ್ಟರೆ ಹೊಟ್ಟೆಯ ಗೆರೆ ಎತ್ತ ಸಾಗುತ್ತಿದೆ ಎಂದು ತಿಳಿಯುತ್ತದೆ. ಒಳಕ್ಕೆ ಬಾಗಲು ಶುರುವಾಗಿದ್ದರೆ ತೊಟ್ಟಿಯೊಳಗೇ ತೂಗುಹಾಕುವ ರಂಧ್ರದ ಅಕ್ರಿಲಿಕ್ ಪೆಟ್ಟಿಗೆಯೊಂದರಲ್ಲಿ 3 ಸೆಂ.ಮೀ. ಮರಳು, ಒಂದು ತುಂಡು ಪಿವಿಸಿ ಕೊಳವೆ ಹಾಕಿ ಮುಚ್ಚಳ ಬಿಗಿದು ಮೀನನ್ನು ಎರಡು ವಾರ ಅದರಲ್ಲಿಡಿ. ಪೈಪೋಟಿಯಿಲ್ಲದ ಅಷ್ಟಗಲ ಮರಳಿನಲ್ಲಿ ದಿನಕ್ಕೆ ಐದಾರು ಸಲ ಚೂರು ಚೂರು ಮೈಸಿಸ್ ಬೆರೆಸುತ್ತಾ ಹೋದರೆ, ತಲೆಯ ಹಿಂದಿನ ಸ್ನಾಯು ಇನ್ನೂ ಕರಗಿರದ ಮೀನು ಸಾಮಾನ್ಯವಾಗಿ ಮತ್ತೆ ದುಂಡಗಾಗುತ್ತದೆ. ಪೆಟ್ಟಿಗೆಯ ಮರಳನ್ನು ಎರಡು ದಿನಕ್ಕೊಮ್ಮೆ ಬೇರೆ ಮರಳಿನಿಂದ ಬದಲಿಸಿ, ತೆಗೆದದ್ದನ್ನು ತೊಟ್ಟಿಯ ನೀರಿನಲ್ಲೇ ತೊಳೆದಿಟ್ಟುಕೊಳ್ಳಿ. ಎರಡು ವಾರದ ನಂತರವೂ ಗೆರೆ ನೇರವಾಗದಿದ್ದರೆ ಹಸಿವಲ್ಲ, ಕರುಳಿನೊಳಗಿನ ಹುಳುಗಳ ಕಡೆ ನೋಡಬೇಕು.